ಬೀರಪ್ಪನಿಗೆ ಬಿಟ್ಟ ಚಹಾ

ಮೊನ್ನೆ ವಾರದ ರಜೆಯ ದಿನ ನನ್ನ ಕಂಡಕ್ಟರ್ ಚೀಲವನ್ನು ಅಂಗಳಕ್ಕೆ ತಂದು ಝಾಡಿಸಿದೆ. ಒಂಬತ್ತು ವರ್ಷದಿಂದ ನನ್ನ ಹೆಗಲಿಗೆ ಜೋತುಬಿದ್ದಿರುವ ಚರ್ಮದ ಚೀಲ ಅದು. ಒಳಗಿನಿಂದ ಏನೆಲ್ಲ ಬಿತ್ತು ಅಂತೀರಿ! ಒಂದು ಹಿಡಿ ಸೂರ್ಯಕಾಂತಿ ಬೀಜದ ಸಿಪ್ಪೆ, ಎರಡು ಪಿನ್ನು, ಯಾವುದೋ ಕೂಸಿನ ಕಾಲ್ಗೆಜ್ಜೆಯ ಒಂದು ಗುಂಡು, ಅರ್ಧ ಹರಿದ ಲಗ್ನಪತ್ರಿಕೆ, ಮತ್ತೆ ಒಂದು ಗುಳಿಗೆಯ ಖಾಲಿ ಪಟ್ಟಿ. ಬೆಳ್ಳಿ ಬಣ್ಣದ ಆ ಪಟ್ಟಿಯ ಹತ್ತೂ ಗುಳ್ಳೆ ಒಡೆದಿದ್ದವು. ಮೇಲೆಲ್ಲ ದೇವರ ಭಂಡಾರದ ಅರಿಸಿನ ಮೆತ್ತಿಕೊಂಡಿತ್ತು. ಗುಳಿಗೆಗೂ ಭಂಡಾರಕ್ಕೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ನನ್ನ ಬಸ್ಸಿನ ಹಾಗೆ ನಾನೂ ಕೈ ಮಾಡಿದಲ್ಲೆಲ್ಲ ನಿಂತು ಹೋಗುವವಳು, ಸ್ವಲ್ಪ ತಾಳ್ಮೆ ಬೇಕು.

ಮೊದಲು ನಮ್ಮ ಅತ್ತಿಯ ವಿಷಯ. ಅತ್ತಿ ಎಂದರೆ ನನಗೆ ಗಂಡನ ತಾಯಿ ಅಷ್ಟೇ ಅಲ್ಲ, ಅಪ್ಪನ ಒಡಹುಟ್ಟಿದ ಅಕ್ಕ. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಇವತ್ತಿಗೂ ಇದೆ. ನಾನು ಗಂಡನನ್ನು ಮಾಮಾ ಎಂದೇ ಕರೆಯುತ್ತೇನೆ, ತೊಟ್ಟಿಲಲ್ಲಿ ಇದ್ದಾಗಿನಿಂದ ಕರೆದು ರೂಢಿ. ಬಸ್ಸಿನಲ್ಲಿ ನೂರು ಜನರ ಮುಂದೆ ಗಟ್ಟಿ ದನಿಯಲ್ಲಿ ‘ಮುಂದ ಸರೀರಿ’ ಎನ್ನುವ ನನಗೆ ಅತ್ತಿಯ ಮುಂದೆ ಇನ್ನೂ ಏಳು ವರ್ಷ ದಾಟಿಲ್ಲ. ಯಾಕೆಂದರೆ ಸಾಲಿಯ ಸೂಟಿ ಬಿದ್ದ ಮರುದಿನವೇ ನನ್ನನ್ನು ಅನಗವಾಡಿಯ ಅವಳ ಮನೆಗೆ ತಂದು ಬಿಡುತ್ತಿದ್ದರು. ಹೊಳೆಯ ದಂಡೆಯ ಊರು, ಹಟ್ಟಿಯ ತುಂಬ ಕುರಿ. ಮರಿಗಳ ಜೊತೆ ಮರಿಯಾಗಿ ಬಿದ್ದು ಎದ್ದು ಮೊಣಕಾಲು ಕೆತ್ತಿಸಿಕೊಂಡು ಬಂದರೆ ಅತ್ತಿ ಮೊದಲು ಬೈದು, ಆಮೇಲೆ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಡುತ್ತಿದ್ದಳು. ಬೆಲ್ಲ ಕರಗುವುದರೊಳಗೆ ನೋವೂ ಹೋಗಿರುತ್ತಿತ್ತು. ಈಗ ಜಮಖಂಡಿಯ ನಮ್ಮ ಮನೆಯಲ್ಲೇ ಇದ್ದಾಳೆ. ಕುರಿ ಇಲ್ಲ. ಕುರಿಯ ಬದಲಿಗೆ ನಮ್ಮಿಬ್ಬರನ್ನು ಕಾಯುತ್ತಾಳೆ.

ಅತ್ತಿಗೆ ಇರುವ ಚಟ ಒಂದೇ, ಚಹಾ. ಬೆಳಗಿನಿಂದ ಸಂಜೆಯವರೆಗೆ ಎಂಟು ಸಲವಾದರೂ ಆಗಬೇಕು. ಕಪ್ಪಿನಿಂದ ಬಸಿಗೆ ಸುರುವಿ, ಬಸಿಯನ್ನು ಎರಡೂ ಕೈಯಲ್ಲಿ ಎತ್ತಿ, ಓಣಿಗೆಲ್ಲ ಕೇಳುವ ಹಾಗೆ ಸೊರ್ ಎಂದು ಎಳೆದರೆ ಅವಳ ಮುಖದ ಮೇಲಿನ ಗೆರೆಗಳೆಲ್ಲ ಸಡಿಲಾಗುತ್ತಿದ್ದವು. ಮಧ್ಯಾಹ್ನ ಮೂರಕ್ಕೆ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಗೆ ಬಂದು ಕೂಡುವುದೂ ಚಹಾದ ನೆಪದಿಂದಲೇ. ಊರ ಸುದ್ದಿ ಎಲ್ಲ ಅಲ್ಲೇ ಕುದಿಯುತ್ತಿತ್ತು, ಅಲ್ಲೇ ಸೋಸುತ್ತಿದ್ದರು.

ಇನ್ನು ನನ್ನ ರೋಗದ ವಿಷಯ. ಲಗ್ನವಾಗಿ ನಾಲ್ಕು ವರ್ಷ. ಮುಟ್ಟು ಎನ್ನುವುದು ನನ್ನ ಪಾಲಿಗೆ ಹಬ್ಬದ ವಿಶೇಷ ಬಸ್ಸಿನ ಹಾಗೆ, ಬಂದರೆ ಬಂತು, ಇಲ್ಲದಿದ್ದರೆ ಐದು ತಿಂಗಳು ಇಲ್ಲ. ಮೈ ದಪ್ಪಗಾಯಿತು, ಖಾಕಿ ಕೋಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು. ಕತ್ತಿನ ಸುತ್ತ ಕಪ್ಪು ಕಟ್ಟಿತು. ಎಷ್ಟು ತಿಕ್ಕಿದರೂ ಹೋಗದು, ಡೀಸೆಲ್ ಹೊಗೆ ಎಂದುಕೊಂಡೆ. ಗದ್ದದ ಮೇಲೆ ಮೂರು ಕೂದಲು ಹುಟ್ಟಿದವು. ಅವನ್ನು ಕಿತ್ತುಹಾಕಿ, ಎರಡು ದಿನ ಬಿಟ್ಟು ಬೆರಳಾಡಿಸಿದರೆ ಮತ್ತೆ ಹಾಜರು. ಬಿಟ್ಟೂ ಬಿಡದೆ ಬರುವುದರಲ್ಲಿ ಅವಕ್ಕೆ ಇದ್ದ ನಿಷ್ಠೆ ನನ್ನ ಮುಟ್ಟಿಗೆ ಇರಲಿಲ್ಲ. ಕೊನೆಗೆ ಮಾಮಾ ಒತ್ತಾಯ ಮಾಡಿ ದವಾಖಾನೆಗೆ ಕರೆದುಕೊಂಡು ಹೋದರು. ಸ್ಕ್ಯಾನ್ ಆಯಿತು, ರಕ್ತ ಕೊಟ್ಟದ್ದಾಯಿತು. ಡಾಕ್ಟರ್ ಮೇಡಂ ಪಿಸಿಓಎಸ್ ಎಂದರು, ಅಂಡಾಶಯದಲ್ಲಿ ನೀರುಗುಳ್ಳೆ ಏಳುವ ರೋಗವಂತೆ. ಅತ್ತೆಯ ಮಗನನ್ನೇ ಲಗ್ನವಾದದ್ದು ಕೇಳಿ ಒಮ್ಮೆ ಹುಬ್ಬು ಏರಿಸಿದರು, ಆಮೇಲೆ ಹುಬ್ಬು ಇಳಿಸಿ ಮೆಟ್‌ಫಾರ್ಮಿನ್ ಎಂಬ ಗುಳಿಗೆ ಬರೆದರು.

“ಇದು ಶುಗರಿನವರಿಗೂ ಕೊಡೋ ಗುಳಿಗಿ. ನಿನಗ ಶುಗರ್ ಇಲ್ಲ, ಹೆದರಬ್ಯಾಡ. ಆದ್ರ ತಿಂದದ್ದನ್ನ ನಿನ್ನ ಮೈ ಸರಿಯಾಗಿ ಬಳಸಾಕತ್ತಿಲ್ಲ, ಅದಕ್ಕ ಇದು ಬೇಕು. ರಾತ್ರಿ ಊಟ ಆದ ಕೂಡ್ಲೆ ಒಂದ ತಗೋ. ಖಾಲಿ ಹೊಟ್ಟ್ಯಾಗ ಬ್ಯಾಡ, ತಿಳೀತಿಲ್ಲೊ? ಮೊದಲ ಎರಡ ಮೂರ ವಾರ ವಾಕರಿಕಿ ಬರತೈತಿ, ಹೊಟ್ಟಿ ಕೆಡತೈತಿ. ಆಮ್ಯಾಲ ತಾನ ಹೊಂದತೈತಿ. ತಡಕೊಳ್ಳಾಕ ಆಗಲಿಲ್ಲಂದ್ರ ಬಾ, ಆದ್ರ ನೀನ ಬಿಡಬ್ಯಾಡ. ಸಿಹಿ ಕಡಿಮಿ ಮಾಡು. ಚಹಾ ದಿನಕ್ಕ ಎಷ್ಟ ಸಲ?”

“ಆರು… ಏಳು ಆಗ್ತಾವ್ರಿ,” ಎಂದೆ.

“ಸಕ್ಕರಿ ಹಾಕಿ?”

ನನಗೆ ನಗು ಬಂತು. ಸಕ್ಕರೆ ಇಲ್ಲದ ಚಹಾವನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಚಹಾ ಎನ್ನುವುದಿಲ್ಲ. ಸುತ್ತ ನಾಲ್ಕೂ ದಿಕ್ಕಿಗೆ ಕಬ್ಬು, ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ನೌಕರ, ಬಸ್ಸು ಮಹಾಲಿಂಗಪುರದ ಬೆಲ್ಲದ ಪೇಟೆಯ ವಾಸನೆಯಲ್ಲೇ ನಿಲ್ಲುತ್ತದೆ. ಇಂಥಲ್ಲಿ ಸಿಹಿ ಬಿಡುವುದೆಂದರೆ ಹೊಳೆಯಲ್ಲಿ ನಿಂತು ಒದ್ದೆಯಾಗಬೇಡ ಎಂದ ಹಾಗೆ.

ಆದರೆ ನನಗೆ ಚಿಂತೆ ಹತ್ತಿದ್ದು ಸಿಹಿಯದಲ್ಲ. ಈ ರೋಗದ ಸಂಗತಿಯನ್ನು ಅತ್ತಿಗೆ ಹೇಳುವುದು ಹೇಗೆ? ನಾಲ್ಕು ವರ್ಷದಲ್ಲಿ ಅವಳು ಒಂದು ದಿನವೂ ಮಕ್ಕಳ ಮಾತು ಎತ್ತಿರಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಸುಮ್ಮನಿರುವವರ ಮನಸ್ಸಿನಲ್ಲಿ ಏನಿದೆಯೋ ಎಂಬ ಅಂಜಿಕೆ ಬೈಯುವವರಿಗಿಂತ ಹೆಚ್ಚು. ಕೊರತೆ ಇರುವುದು ನನ್ನ ಹೊಟ್ಟೆಯಲ್ಲೇ ಎಂದು ತಿಳಿದ ದಿನ, ಅಂಗೈಯಲ್ಲಿ ಬೆಲ್ಲ ಇಟ್ಟವಳು ನನ್ನನ್ನು ಬೇರೆ ಕಣ್ಣಿನಿಂದ ನೋಡಿದರೆ? ಆ ಒಂದು ನೋಟ ನನಗೆ ಬೇಡವಾಗಿತ್ತು. ಬೇರೆ ಯಾರು ಏನು ಅಂದರೂ ಟಿಕೆಟ್ ಹರಿದುಕೊಟ್ಟು ಮುಂದೆ ಹೋಗುತ್ತೇನೆ, ಅತ್ತಿಯ ನೋಟ ಹಾಗಲ್ಲ.

“ಹೇಳಿಬಿಡು. ಅವ್ವ ಏನ ಹುಲಿ ಅಲ್ಲ,” ಎಂದರು ಮಾಮಾ.

“ನೀವ ಹೇಳ್ರಿ ಹಂಗಾರ,” ಎಂದೆ. ಅವರು ಮೊಬೈಲು ನೋಡತೊಡಗಿದರು.

ಹೀಗಾಗಿ ಗುಳಿಗೆ ಚೀಲದ ಒಳಗಿನ ಕಿಸೆ ಸೇರಿತು. ರಾತ್ರಿ ಊಟದ ಮೇಲೆ ತೆಗೆದುಕೊಳ್ಳುವುದು ಸಾಧ್ಯವೇ ಇರಲಿಲ್ಲ. ಅತ್ತಿ ಎಲ್ಲರಿಗೂ ಬಡಿಸಿ, ಎದುರಿಗೇ ಚಕ್ಕಳಮಕ್ಕಳ ಹಾಕಿ ಕುಳಿತು, ನಾನು ಕೊನೆಯ ರೊಟ್ಟಿಯ ತುಂಡು ಬಾಯಿಗೆ ಇಡುವತನಕ ಕಣ್ಣು ತೆಗೆಯುವುದಿಲ್ಲ. ಅಲ್ಲಿ ಗುಳಿಗೆ ನುಂಗುವುದಿರಲಿ, ತೇಗು ಬಂದರೂ ಲೆಕ್ಕ ಕೇಳುತ್ತಾಳೆ. ಅದಕ್ಕೇ ನಾನು ಜಾಣತನ ಮಾಡಿದೆ. ಬೆಳಗಿನ ಡ್ಯೂಟಿಗೆ ನಾಲ್ಕೂವರೆಗೆ ಎದ್ದು, ಬಚ್ಚಲಲ್ಲಿ ಮುಖ ತೊಳೆಯುವಾಗ ಒಂದು ಗುಟುಕು ನೀರಿನೊಂದಿಗೆ ನುಂಗತೊಡಗಿದೆ. ಗುಳಿಗೆ ಗುಳಿಗೆಯೇ, ಬೆಳಗೇನು ರಾತ್ರಿಯೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೇಡಂ ಹೇಳಿದ ಮಾತು ಕಿವಿಯಲ್ಲಿ ಇರಲಿಲ್ಲವೆಂದಲ್ಲ. ಇತ್ತು, ಅದನ್ನು ಹಿಂದಿನ ಸೀಟಿಗೆ ಕಳಿಸಿದ್ದೆ.

ಮೂರನೆಯ ದಿನದಿಂದ ಶುರುವಾಯಿತು. ಬೆಳಗ್ಗೆ ಬಚ್ಚಲಲ್ಲೇ ಓಕರಿಕೆ, ಸಪ್ಪಳ ಹೊರಗೆ ಕೇಳದಿರಲೆಂದು ನಳ ಬಿಡುತ್ತಿದ್ದೆ. ನಮ್ಮ ಬಸ್ಸು ಜಮಖಂಡಿಯಿಂದ ಬನಹಟ್ಟಿ, ರಬಕವಿ, ಮಹಾಲಿಂಗಪುರದ ಮೇಲೆ ಮುಧೋಳಕ್ಕೆ, ಅಲ್ಲಿಂದ ಬೀಳಗಿಗೆ. ಬನಹಟ್ಟಿ ದಾಟುವುದರೊಳಗೆ ಬಾಯಲ್ಲಿ ಹಿತ್ತಾಳೆ ನೆಕ್ಕಿದಂಥ ರುಚಿ. ರಬಕವಿಯಲ್ಲಿ ಮಗ್ಗದವರು ಸೀರೆ ಗಂಟು ಏರಿಸುವಾಗ ವಾಕರಿಕೆ. ಆಮೇಲೆ ಹೊಟ್ಟೆಯಲ್ಲಿ ಗುಡುಗುಡು. ಮರ್ಯಾದೆಯ ಓದುಗರು ನೀವು, ವಿವರಕ್ಕೆ ಹೋಗುವುದಿಲ್ಲ. ಇಷ್ಟು ಹೇಳಿದರೆ ಸಾಕು, ಜಮಖಂಡಿಯಿಂದ ಬೀಳಗಿಯ ತನಕ ಎಲ್ಲಿ ಸಂಡಾಸ ಇದೆ, ಯಾವುದಕ್ಕೆ ಚಿಲಕ ಇದೆ, ಯಾವುದರ ನಳಕ್ಕೆ ನೀರು ಬರುತ್ತದೆ ಎಂಬುದು ನನಗೀಗ ಬಾಯಿಪಾಠ. ಡ್ರೈವರ್ ಹುಸೇನಣ್ಣ ನನ್ನ ಮುಖದ ಬಣ್ಣ ನೋಡಿಯೇ ಬಸ್ಸು ನಿಲ್ಲಿಸುವುದನ್ನು ಕಲಿತ. ಗಾಡಿ ನಿಲ್ಲಿಸಿ, ಕೆಳಗಿಳಿದು, ಚೆನ್ನಾಗಿಯೇ ಇರುವ ಟೈರನ್ನು ಒದ್ದು ನೋಡುತ್ತ ನಿಲ್ಲುತ್ತಿದ್ದ. ಪ್ರಯಾಣಿಕರು ಕೇಳಿದರೆ “ಹವಾ ಕಡಿಮಿ ಆಗೇತ್ರಿ” ಎನ್ನುತ್ತಿದ್ದ. ಆ ತಿಂಗಳು ನಮ್ಮ ಬಸ್ಸಿನ ಟೈರುಗಳಿಗೆ ಬಿದ್ದಷ್ಟು ಒದೆ ಮತ್ತೆಂದೂ ಬಿದ್ದಿಲ್ಲ.

“ಏನಾಗೇತಿ ತಂಗಿ ನಿನಗ?” ಎಂದು ಒಂದು ದಿನ ಕೇಳಿದ.

“ಬಿಸಲಿಗೆ ಹೊಟ್ಟಿ ಕೆಟ್ಟೈತಿ ಅಣ್ಣಾ.”

“ಹತ್ತ ದಿನಾ ಆತಲ್ಲ ಈ ಬಿಸಲು?” ಎಂದ. ಹೊರಗೆ ಮೋಡ ಕಟ್ಟಿತ್ತು.

ಇಂಥ ಹೊಟ್ಟೆ ಇಟ್ಟುಕೊಂಡು ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೆ ಚಹಾದಂಗಡಿ. ನಾವು ಇಳಿಯುವುದೇ ತಡ, ಕೇಳದೆಯೇ ಎರಡು ಚಹಾ ಬರುವುದು ಅಲ್ಲಿಯ ಪದ್ಧತಿ. ಹಾಲು ಕುದಿಯುವ ವಾಸನೆಗೇ ನನ್ನ ಕರುಳು ಮೇಲೆ ಬರುತ್ತಿತ್ತು. ಮೊದಲ ದಿನ ಬೇಡ ಎಂದೆ. ಎರಡನೆಯ ದಿನ ಬೇಡ ಎಂದೆ. ನಮ್ಮ ಕಡೆ ಚಹಾ ಬೇಡ ಎಂದರೆ ಬೇಡ ಎಂದು ಅರ್ಥವಲ್ಲ, ಸಿಟ್ಟು ಎಂದು ಅರ್ಥ. ಮೂರನೆಯ ದಿನ ಅಂಗಡಿಯ ಯಜಮಾನ ತಾನೇ ಕಪ್ಪು ಹಿಡಿದು ಬಸ್ಸಿನ ಬಾಗಿಲಿಗೆ ಬಂದ. “ಯಾಕ್ರಿ ಅಕ್ಕಾರ, ನಮ್ಮ ಕಡಿಂದ ಏನರ ತಪ್ಪಾತೇನ್ರಿ? ಕುಡೀರಿ, ನನ್ನ ಸಲುವಾಗಿ ಕುಡೀರಿ.”

ಬಸ್ಸಿನ ತುಂಬ ಜನ. ಬಾಗಿಲಲ್ಲಿ ಕುದಿಯುವ ಚಹಾ. ನನ್ನ ಗಂಟಲಲ್ಲಿ ಬೆಳಗಿನ ಗುಳಿಗೆ. ಬಾಯಿಂದ ಮಾತು ತಾನಾಗಿ ಹೊರಬಿತ್ತು: “ಸಿಟ್ಟಲ್ರಿ. ಚಹಾ, ಸಿಹಿ ಎಲ್ಲಾ ಬೀರಪ್ಪಗ ಬಿಟ್ಟೇನ್ರಿ.”

ಅಷ್ಟೇ. ಆ ಮನುಷ್ಯ ಕಪ್ಪು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಕೈ ಎದೆಯ ಮೇಲೆ ಇಟ್ಟುಕೊಂಡ. ಬಸ್ಸಿನೊಳಗೆ ಇಬ್ಬರು ಮುದುಕಿಯರು ಕೈ ಮುಗಿದರು.

ನಮ್ಮಲ್ಲಿ ದೇವರಿಗೆ ಬಿಡುವುದೆಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಮನಸ್ಸಿನಲ್ಲಿ ಒಂದು ಬೇಡಿಕೆ ಇಟ್ಟುಕೊಂಡು, ಅದು ಕೈಗೂಡುವ ತನಕ ತನಗೆ ಇಷ್ಟವಾದ ಒಂದನ್ನು ಬಾಯಿಗೆ ಇಡದೆ ಇರುವುದು. ಬೀರಪ್ಪ ಕುರುಬರ ಮನೆದೇವರು, ಕಂಬಳಿಯ ಗದ್ದುಗೆಯ ಮೇಲೆ ಕೂರುವ ದೇವರು, ಕೊಟ್ಟ ಮಾತನ್ನು ಮರೆಯದವನು ಎಂದು ನಂಬಿಕೆ. ಬಿಟ್ಟವರು ತಾವು ಏನು ಬೇಡಿದ್ದೇವೆ ಎಂದು ಹೇಳಬಾರದು, ಉಳಿದವರು ಕೇಳಬಾರದು. ಸುಳ್ಳು ಹೇಳುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಯಾರೂ ಕೇಳುವ ಹಾಗೇ ಇಲ್ಲ. ಮುಧೋಳ ಬರುವ ತನಕ ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡೆ.

ಆದರೆ ಕಂಡಕ್ಟರ್ ಆಗಿಯೂ ಒಂದು ಮಾತು ಮರೆತಿದ್ದೆ, ಸುದ್ದಿ ಬಸ್ಸಿನಲ್ಲೇ ತಿರುಗಾಡುತ್ತದೆ, ಅದಕ್ಕೆ ಟಿಕೆಟ್ ಬೇಡ. ಕೈ ಮುಗಿದ ಮುದುಕಿಯರಲ್ಲಿ ಒಬ್ಬಳು ಅನಗವಾಡಿಯ ನಮ್ಮ ಸಂಬಂಧಿಕಳು, ಮೊಮ್ಮಗನ ಮೊಬೈಲಿನಿಂದ ಅತ್ತಿಗೆ ಫೋನು ಮಾಡಿದ್ದಳು. ಸಂಜೆ ನಾನು ಚಪ್ಪಲಿ ಬಿಡುವಾಗಲೇ ಅತ್ತಿ ದೇವರ ಜಗಲಿಯ ಮುಂದೆ ದೀಪ ಹಚ್ಚಿ, ಭಂಡಾರದ ಬಟ್ಟಲು ಹಿಡಿದು ನಿಂತಿದ್ದಳು.

“ಬಾ ಮಗಳ. ದೇವರಿಗೆ ಬಿಟ್ಟೀಯಂತ, ನನಗೂ ಹೇಳಲಿಲ್ಲಲ್ಲ. ಇರ್ಲಿ, ಹೇಳಬಾರದು, ಖರೆ ಐತಿ,” ಎಂದು ಹಣೆಯ ತುಂಬ ಅರಿಸಿನ ಬಳಿದಳು. ಅವಳ ಕಣ್ಣಲ್ಲಿ ನೀರಿತ್ತು.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ, ಭಂಡಾರ ಮೂಗಿಗೆ ಹೋಗಿ ಸೀನು ಬಂತು, ಸೀನಿದ ಮೇಲೆ ಧೈರ್ಯವೂ ಹೋಯಿತು. ಮರುದಿನದಿಂದ ಅವಳದೊಂದು ಹೊಸ ಕೆಲಸ. ನಾನು ಡ್ಯೂಟಿಗೆ ಹೊರಡುವಾಗ ಹಣೆಗೆ ಹಚ್ಚಿ, ಕಾಗದದಲ್ಲಿ ಒಂದು ಚಿಟಿಕೆ ಭಂಡಾರ ಕಟ್ಟಿ ಚೀಲಕ್ಕೆ ಹಾಕುವುದು. ಅದೂ ಒಳಗಿನ ಕಿಸೆಗೇ ಹೋಗುತ್ತಿತ್ತು. ಒಂದೇ ಕಿಸೆಯಲ್ಲಿ ದೇವರೂ ಗುಳಿಗೆಯೂ. ಬೆಳಗಿನ ಕತ್ತಲಲ್ಲಿ ಪಟ್ಟಿಗೆ ಕೈ ಹಾಕಿದರೆ ಬೆರಳಿಗೆ ಅರಿಸಿನ ಅಂಟುತ್ತಿತ್ತು. ಹಣೆ ನೋಡಿ ಬಸ್ಸಿನಲ್ಲಿ ಜನ ದಾರಿ ಬಿಡತೊಡಗಿದರು, ಚಿಲ್ಲರೆಗೆ ಜಗಳ ತೆಗೆಯುವವರೂ ತಣ್ಣಗಾದರು. ನನಗೆ ಮಾತ್ರ ಹಣೆಯ ಮೇಲೆ ಯಾರೋ ಸುಳ್ಳಿ ಎಂದು ಬರೆದು ಕಳಿಸಿದ ಹಾಗೆ ಅನಿಸುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು. ಹೊಟ್ಟೆಯ ಗುಡುಗಿಗೂ ಆ ನಾಚಿಕೆಗೂ ಕೂಡಿ ನಾನು ಎರಡು ಸಲ ಗುಳಿಗೆಯನ್ನೇ ತಪ್ಪಿಸಿದೆ.

ಆ ವಾರದ ರಜೆಯ ದಿನ ಮಧ್ಯಾಹ್ನ ಮೂರಕ್ಕೆ ನಾನು ಮನೆಯಲ್ಲಿದ್ದೆ. ಕಟ್ಟೆಯ ಮೇಲೆ ಓಣಿಯ ಹೆಂಗಸರು ಬಂದು ಕುಳಿತಿದ್ದರು, ಪಕ್ಕದ ಮನೆಯಿಂದ ಚಹಾದ ಕಿತ್ತಲಿ ಬಂತು. ಬಂದ ಕೂಡಲೇ ಅತ್ತಿ ಎದ್ದು ಒಳಗೆ ಬಂದಳು. ಬಂದು ಕತ್ತಲ ಮೂಲೆಯಲ್ಲಿ ಮಲಗಿದಳು. ತಲೆಗೆ ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಕಟ್ಟಿಕೊಂಡಿದ್ದಳು, ಹಣೆಗೆ ಶುಂಠಿ ಅರೆದು ಹಚ್ಚಿದ್ದಳು.

“ಯಾಕ ಬೇ ಅತ್ತಿ, ತಲಿ ನೋವೇನು? ಚಹಾ ತರಲಿ?”

“ಬ್ಯಾಡ. ಗಾಳಿ ಹತ್ತೇತಿ, ಹೋಗತೈತಿ.”

ಅತ್ತಿಯ ಬಾಯಲ್ಲಿ ಚಹಾ ಬೇಡ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಿತ್ತಲಲ್ಲಿ ಸೈಕಲ್ ಮೋಟಾರು ತೊಳೆಯುತ್ತಿದ್ದ ಮಾಮಾನ ಬಳಿಗೆ ಓಡಿದೆ. ಅವರು ಬಟ್ಟೆ ಹಿಂಡುತ್ತ, “ನಿನಗ ಗೊತ್ತಿಲ್ಲೇನು? ಅವ್ವ ಚಹಾ ಬಿಟ್ಟ ಐದ ದಿನಾತು. ನೀ ಬಿಟ್ಟ ಸುದ್ದಿ ಬಂತಲ್ಲ, ಅವತ್ತ ಬಿಟ್ಟಾಳ. ನಿನಗ ಹೇಳಬ್ಯಾಡ ಅಂದಾಳ,” ಎಂದರು.

ನಾನು ಬಚ್ಚಲ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಮೊಮ್ಮಗ ಬೇಕೆಂದು ಬೇಡಿರಬೇಕು ಎಂದುಕೊಂಡೆ. ಬೇರೆ ಏನು ಬೇಡುತ್ತಾಳೆ? ನಾಲ್ಕು ವರ್ಷ ಬಾಯಿಬಿಡದೆ ಇದ್ದವಳು ಕೊನೆಗೆ ದೇವರ ಮುಂದೆ ಬಾಯಿಬಿಟ್ಟಳು, ಅದೂ ನಾನು ಹೇಳಿದ ಒಂದು ಖೊಟ್ಟಿ ಮಾತಿನ ಮೇಲೆ. ಈ ಹೊಟ್ಟೆಯಲ್ಲಿ ಅದು ಯಾವಾಗ ಆಗುತ್ತದೋ, ಆಗುತ್ತದೋ ಇಲ್ಲವೋ, ಅಲ್ಲಿಯತನಕ ಈ ಅರವತ್ತೈದು ವರ್ಷದ ಹೆಂಗಸು ಚಹಾ ಇಲ್ಲದೆ ತಲೆ ಕಟ್ಟಿಕೊಂಡು ಮಲಗಬೇಕೇ?

ಎದ್ದು ಒಳಗೆ ಹೋದೆ. ಅವಳ ಪಕ್ಕದಲ್ಲಿ ಕುಳಿತು, ಮುಖ ನೋಡದೆ ಎಲ್ಲ ಹೇಳಿದೆ.

“ಅತ್ತಿ, ನಾ ದೇವರಿಗೆ ಏನೂ ಬಿಟ್ಟಿಲ್ಲ. ಸುಳ್ಳ ಹೇಳೇನಿ. ನನ್ನ ಗರ್ಭಚೀಲದ ಬಾಜೂಕ ಸಣ್ಣ ಸಣ್ಣ ನೀರಗುಳ್ಳಿ ಅದಾವಂತ. ಅದಕ್ಕ ತಿಂಗಳ ತಿಂಗಳ ಆಗಂಗಿಲ್ಲ, ಅದಕ್ಕ ಮಕ್ಕಳೂ ತಡಾ. ಗುಳಿಗಿ ತಗೋಳಾಕತ್ತೇನಿ. ಆ ಗುಳಿಗಿಗೆ ಹೊಟ್ಟಿ ಕೆಡತೈತಿ, ಚಹಾದ ವಾಸನಿ ತಡಿಯೋದಿಲ್ಲ. ಜನರ ಬಾಯಿ ಮುಚ್ಚಾಕ ಬೀರಪ್ಪನ ಹೆಸರ ಹೇಳಿದ್ನಿ.”

ಅತ್ತಿ ಎದ್ದು ಕುಳಿತಳು. ಹೊರಗೆ ಕಟ್ಟೆಯ ಮೇಲೆ ಯಾರೋ ಜೋರಾಗಿ ನಕ್ಕರು.

“ಇಷ್ಟ ಹೇಳಾಕ ದೇವರನ್ನ ಯಾಕ ನಡಬರಕ ತಂದಿ?” ಎಂದಳು.

“ನೀ ಏನರ ಅಂತಿ ಅಂತ ಅಂಜಿಕಿ ಬಂತು.”

“ಏನ ಅಂತಿದ್ನಿ ನಾ?”

ಅವಳು ಏನು ಅನ್ನುತ್ತಿದ್ದಳು ಎಂದು ನಾನು ಒಮ್ಮೆಯೂ ನೆಟ್ಟಗೆ ಯೋಚಿಸಿರಲಿಲ್ಲ, ಬರೀ ಅಂಜಿದ್ದೆ.

“ನಿಮ್ಮಪ್ಪನ್ನ ಟೊಂಕದ ಮ್ಯಾಲ ಹೊತ್ತ ಬೆಳೆಸಿದಾಕಿ ನಾ. ನಿನ್ನೂ ಹೊತ್ತೇನಿ. ನಿನ್ನ ಹೊಟ್ಟ್ಯಾಗ ಗುಳ್ಳಿ ಎದ್ರ ನಾ ನಿನ್ನ ಹೊರಗ ಹಾಕ್ತಿದ್ನೇನು?” ಆಮೇಲೆ ಕೇಳಿದಳು, “ಗುಳಿಗಿ ಯಾವಾಗ ತಗೋತಿ?”

“ಮುಂಜಾನೆದ್ದು. ಬಚ್ಚಲದಾಗ.”

“ಏನೂ ತಿನ್ನದ?”

“ಹೂಂ.”

“ಮೇಯದ ಕುರಿಗೆ ಔಷಧಾ ಹಾಕಿದ್ರ ನಮ್ಮಪ್ಪ ಬಾರಕೋಲ ತಗೋತಿದ್ದ! ಕುರಿಗೆ ಕೊಡೋ ಕಿಮ್ಮತ್ತ ನಿನ್ನ ಮೈಗೆ ನೀ ಕೊಡವಲ್ಲಿ. ನಾಳೆ ಆ ಡಾಕ್ಟರಬಾಯಿ ಕಡೆ ನಾನೂ ಬರ್ತೇನಿ.”

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಎದ್ದು ಹೋಗಿ ಚಹಾಕ್ಕೆ ಇಟ್ಟೆ. ಶುಂಠಿ ಜಜ್ಜಿ, ಅವಳಿಗೆ ಬೇಕಾದಷ್ಟು ಸಕ್ಕರೆ ಹಾಕಿ, ಮೂಗಿಗೆ ಸೆರಗು ಹಿಡಿದು ಕುದಿಸಿ, ಕಪ್ಪು ಬಸಿ ತಂದು ಮುಂದೆ ಇಟ್ಟೆ. ಅವಳು ಬೆರಳಿನಿಂದ ಬಸಿಯನ್ನು ಆಚೆ ಸರಿಸಿದಳು.

“ಕುಡಿ ಬೇ ಅತ್ತಿ. ನಾ ಬಿಟ್ಟಿಲ್ಲಂತ ಹೇಳಿದ್ನೆಲ್ಲ.”

“ನೀ ಬಿಟ್ಟಿಲ್ಲ. ನಾ ಬಿಟ್ಟೇನಿ. ನಿಂದು ಸುಳ್ಳಿತ್ತು, ನಂದು ಸುಳ್ಳಲ್ಲ.”

“ಏನ ಬೇಡಿದಿ ಅಂತಾದ್ದು?”

“ಕೇಳಬಾರದು,” ಎಂದು ಗೋಡೆಗೆ ಮುಖ ತಿರುಗಿಸಿ ಮಲಗಿದಳು. ಆ ಚಹಾ ಕೆನೆ ಕಟ್ಟಿ ತಣ್ಣಗಾಯಿತು.

ಮರುದಿನ ದವಾಖಾನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅತ್ತಿ ಎಲ್ಲ ಒದರಿದಳು. ಖಾಲಿ ಹೊಟ್ಟೆ, ಬಚ್ಚಲು, ತಪ್ಪಿಸಿದ ದಿನಗಳು, ಕೊನೆಗೆ ಅವಳಪ್ಪನ ಕುರಿಗಳ ಮಾತೂ. ಮೇಡಂ ನನ್ನನ್ನು ಬೈದರು, ಅತ್ತಿಯ ಕಡೆ ನೋಡಿ ನಕ್ಕರು. ಗುಳಿಗೆ ಬದಲಿಸಿ, ಹೊಟ್ಟೆಯಲ್ಲಿ ನಿಧಾನಕ್ಕೆ ಕರಗುವಂಥದ್ದನ್ನು ಬರೆದರು. ಊಟದ ಮೇಲೆಯೇ, ಒಂದು ದಿನವೂ ತಪ್ಪದೆ. ಮಕ್ಕಳ ವಿಷಯ ಕೇಳಿದಾಗ, “ಮೊದಲ ತಿಂಗಳ ಸರಿಯಾಗ್ಲಿ, ಆಮ್ಯಾಲ ನೋಡೋಣು” ಎಂದರು. ಅದನ್ನು ಕೇಳಿದ್ದು ನಾನು, ಅತ್ತಿಯಲ್ಲ. ಅವಳು ಕೇಳಿದ್ದು ಒಂದೇ ಮಾತು, “ಇದರ ಸಂಕಟಾ ಎಂದ ನಿಲ್ಲತೈತ್ರಿ ಬಾಯೀ?”

ಅಂದಿನಿಂದ ರಾತ್ರಿ ಊಟವಾದ ಮೇಲೆ ಅವಳ ಎದುರಿಗೇ ಗುಳಿಗೆ. ಬೆಳಗ್ಗೆ ನಾಲ್ಕೂವರೆಗೆ ಸಂಡಾಸದಿಂದ ಹೊರಗೆ ಬಂದರೆ ಅತ್ತಿ ಬಾಗಿಲಲ್ಲೇ ನಿಂತಿರುತ್ತಿದ್ದಳು.

“ಇವತ್ತ?”

“ಎರಡ ಸಲ.”

ಮರುದಿನ ಮತ್ತೆ. “ಇವತ್ತ?”

“ಒಂದ ಸಲ. ಹೊಟ್ಟಿ ಮುರೀತು ಸ್ವಲ್ಪ.”

ಡಿಪೋದ ಸಾಹೇಬರಿಗೂ ನಾನು ಇಷ್ಟು ಚಾಚೂ ತಪ್ಪದೆ ವರದಿ ಕೊಟ್ಟವಳಲ್ಲ. ಮಾಮಾ ಹೊದಿಕೆಯೊಳಗಿನಿಂದ “ನನಗ ಯಾಕ ಬೇ ಇದು ಮುಂಜಾನೆದ್ದು!” ಎಂದು ನರಳುತ್ತಿದ್ದರು. ದಿನವೂ ಆ ಒಂದೇ ಪ್ರಶ್ನೆ. ತಿಂಗಳಾಯಿತೇ ಎಂದು ಅವಳು ಒಮ್ಮೆಯೂ ಕೇಳಲಿಲ್ಲ, ವಿಶೇಷವೇನಾದರೂ ಇದೆಯೇ ಎಂದು ಕೇಳಲಿಲ್ಲ. ಎಂಟು ಹತ್ತು ದಿನ ಕಳೆದ ಮೇಲೆ ನನ್ನ ದಪ್ಪ ತಲೆಗೆ ಹೊಳೆಯಿತು. ಅವಳು ಮೊಮ್ಮಗನನ್ನು ಬೇಡಿರಲಿಲ್ಲ. ದಿನವೂ ಕತ್ತಲಲ್ಲಿ ಎದ್ದು ಬಚ್ಚಲಲ್ಲಿ ಓಕರಿಸುವ ನನ್ನ ಸಪ್ಪಳ ಅವಳಿಗೆ ಮೊದಲಿನಿಂದಲೂ ಕೇಳಿಸಿತ್ತು. ಯಾಕೆ ಎಂದು ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಅದು ನಿಲ್ಲಲಿ ಎಂದಷ್ಟೇ ಬೇಡಿ, ತನಗಿದ್ದ ಒಂದೇ ಸುಖವನ್ನು ದೇವರ ಮುಂದೆ ಇಟ್ಟಿದ್ದಳು. ಅದು ತಿಳಿದ ದಿನ ಮುಧೋಳದ ದಾರಿಯಲ್ಲಿ ಟಿಕೆಟ್ ಕೊಡುತ್ತ ಕೊಡುತ್ತ ನನ್ನ ಕಣ್ಣು ತುಂಬಿ ಬಂದವು. ಹುಸೇನಣ್ಣ ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸಿ ಟೈರು ಒದೆಯಲು ಇಳಿದ. ಬೇಡ ಅಣ್ಣಾ, ಇವತ್ತು ಅದಲ್ಲ ಎಂದು ಕರೆಯಬೇಕಾಯಿತು.

ತಲೆನೋವು ಅವಳಿಗೆ ಒಂದು ವಾರಕ್ಕೆ ಬಿಟ್ಟಿತು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಆದರೆ ಮೂರು ಗಂಟೆಗೆ ಕಟ್ಟೆಯ ಮೇಲೆ ಕಿತ್ತಲಿ ಬಂದರೆ ಎದ್ದು ಒಳಗೆ ಬರುವುದು ತಪ್ಪಲಿಲ್ಲ. ಒಳಗೆ ಬಂದು ಸುಮ್ಮನೆ ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. ಹೊರಗಿನ ಮಾತು ಕೇಳಿಸುತ್ತಿತ್ತು, ನಡುವೆ ಮಾತಾಡಲು ಅವಳು ಅಲ್ಲಿ ಇರುತ್ತಿರಲಿಲ್ಲ.

ಹೊಸ ಗುಳಿಗೆ ಶುರುವಾಗಿ ಮೂರು ವಾರವಾಗಿತ್ತು. ಒಂದು ಬೆಳಗ್ಗೆ ಎದ್ದರೆ ಬಾಯಲ್ಲಿ ಹಿತ್ತಾಳೆ ಇಲ್ಲ, ಹೊಟ್ಟೆಯಲ್ಲಿ ಗುಡುಗು ಇಲ್ಲ, ಹಸಿವೆ ಇತ್ತು. ಎರಡು ಮೂರು ದಿನದಿಂದ ಕಡಿಮೆಯಾಗುತ್ತ ಬಂದಿದ್ದು ಅಂದು ನಿಂತೇ ಹೋಗಿತ್ತು. ಬಾಗಿಲಲ್ಲಿ ಅತ್ತಿ.

“ಇವತ್ತ?”

“ಇವತ್ತ ಏನೂ ಇಲ್ಲತ್ತಿ. ಛಲೋ ಐತಿ.” ನಾನು ನಕ್ಕೆ. “ಚಹಾಕ ಇಡಲಿ ನಿನಗ?”

ಅವಳು ದೀಪದ ಬೆಳಕಿಗೆ ನನ್ನನ್ನು ತಿರುಗಿಸಿ ನಿಲ್ಲಿಸಿದಳು. ಮುಖವನ್ನು ನೋಡಿದಳು, ಕಣ್ಣನ್ನು ನೋಡಿದಳು.

“ಖರೇನ?”

“ಖರೇನ.”

“ನನಗ ಚಹಾ ಕುಡಿಸಾಕ ಹೇಳಾಕತ್ತಿಲ್ಲಲ್ಲ?”

“ಇಲ್ಲತ್ತಿ. ನಿನ್ನಾಣಿ.”

ಅವಳ ಮುಖ ಸಡಿಲಾದ ಹಾಗೆ ಕಂಡಿತು. ಒಲೆಯ ಕಡೆ ಒಂದು ಹೆಜ್ಜೆ ಇಟ್ಟು, ನಿಂತಳು.

“ಇನ್ನ ನಾಕ ದಿನಾ ನೋಡೋಣು ತಡಿ ಮಗಳ,” ಎಂದಳು. “ನಿನ್ನ ಮಾತ ಹಿಡಕೊಂಡ ನಾ ದೇವರಿಗೆ ಹೇಳಬೇಕಲ್ಲ.”

ಸಿಟ್ಟಿನಿಂದ ಅಂದಿದ್ದರೆ ಎದುರು ಮಾತಾಡುತ್ತಿದ್ದೆ. ಅವಳು ಮೆತ್ತಗೆ, ನನಗೆ ನೋವಾಗಬಾರದೆಂದು ನನ್ನ ಹೆಗಲು ಸವರಿ ಅಂದಳು. ನನ್ನ ಮಾತಿಗೆ ನಾಲ್ಕು ದಿನದ ಪರೀಕ್ಷೆ ಬೇಕಾಗುವಂತೆ ಮಾಡಿಕೊಂಡವಳು ನಾನೇ.

ಆ ನಾಲ್ಕು ದಿನವೂ ಕಟ್ಟೆಯ ಮೇಲೆ ಕಿತ್ತಲಿ ಬಂತು, ಅವಳು ಎದ್ದು ಒಳಗೆ ಬಂದಳು. ಆ ನಾಲ್ಕು ದಿನವೂ ರಾತ್ರಿ ಅವಳ ಕೈಯ ರೊಟ್ಟಿ ತಿಂದು, ಗುಳಿಗೆ ನುಂಗಿ, ನಾಲಿಗೆ ಎತ್ತಿ ಬಾಯಿ ಅಗಲಿಸಿ ಅವಳಿಗೆ ತೋರಿಸಿದೆ. ತೋರಿಸು ಎಂದು ಅವಳು ಕೇಳಿರಲಿಲ್ಲ.